ನರ್ತಕಿಯ ನೆಗೆತವೂ ರಬ್ಬರಿನ ಪಟ್ಟಿಯೂ

ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಸಂಸ್ಕೃತವನ್ನೂ ಕನ್ನಡವನ್ನೂ ಕಲಿಸಿದ ನಮಗೆ, ಬಾರದ ವಿದ್ಯೆಯನ್ನು ಬರಿಸುವ ಉಪಾಯವು ಒಂದೇ ಗೊತ್ತಿತ್ತು. ಅದು ಆವೃತ್ತಿಯು. ಶಬ್ದರೂಪವು ಬಾರದಿದ್ದರೆ ಹತ್ತು ಸಲ ಹೇಳಿಸುವದು. ಆಗಲೂ ಬಾರದಿದ್ದರೆ ನೂರು ಸಲ ಹೇಳಿಸುವದು. ಈ ಉಪಾಯವು ನಾಲಗೆಗೆ ಒಪ್ಪುವದೇ ಹೊರತು ಮೊಣಕಾಲಿಗೆ ಒಪ್ಪುವದಿಲ್ಲವೆಂಬದನ್ನು ನಾವು ನಿವೃತ್ತರಾದ ಮೇಲೆ, ಅದೂ ನಮ್ಮ ಮೊಮ್ಮಗಳ ಕಾಲು ನೊಂದ ಮೇಲೆ, ಕಲಿಯಬೇಕಾಯಿತು. ಮನೆಯಲ್ಲಿ ನೃತ್ಯ ಕಲಿಯುವ ಮಕ್ಕಳಿರುವ ವಾಚಕರು ಅನೇಕರಿರಬಹುದು. ಅವರಿಗೆ ಉಪಯೋಗವಾದೀತೆಂದು ನಮ್ಮ ತಪ್ಪನ್ನೂ ಅದರಿಂದ ತಿಳಿದ ಮಾತನ್ನೂ ಇಲ್ಲಿ ಬರೆಯುತ್ತೇವೆ.

ನಮ್ಮ ವಾಸವು ಹುನಗುಂದದಲ್ಲಿ. ಮಗನ ಸಂಸಾರವು ಬಾಗಲಕೋಟೆಯ ನವನಗರದಲ್ಲಿ. ಹಳೆಯ ಊರಿನ ಭಾಗಗಳು ಆಲಮಟ್ಟಿಯ ಹಿನ್ನೀರಿಗೆ ಸಿಕ್ಕಿದ ಮೇಲೆ ಎದ್ದು ನಿಂತ ಹೊಸ ಊರು ಅದು. ಅಲ್ಲಿ ನಮ್ಮ ಮೊಮ್ಮಗಳು ಐದು ವರ್ಷಗಳಿಂದ ಭರತನಾಟ್ಯವನ್ನು ಕಲಿಯುತ್ತಿದ್ದಾಳೆ. ಕಳೆದ ವರ್ಷದ ಬೇಸಿಗೆಯ ರಜೆಗೆ ಹುನಗುಂದಕ್ಕೆ ಬಂದಾಗ ಅವಳಿಗೆ ಹದಿಮೂರು ತುಂಬಿತ್ತು. ಅಡವುಗಳೆಲ್ಲ ಚೆನ್ನಾಗಿದ್ದರೂ ನೆಗೆತಗಳಲ್ಲಿ ಎತ್ತರ ಸಾಲದೆಂದು ಅವಳ ಗುರುಗಳು ಹೇಳಿದ್ದರಂತೆ. ಇದನ್ನು ಅವಳು ನಮ್ಮ ಮುಂದೆ ಬಹಳ ಮನನೊಂದು ಹೇಳಿದಳು.

ನಾವು ಕೂಡಲೆ ಶಾಲಾಮಾಸ್ತರರಾದೆವು. ಪಡಸಾಲೆಯ ಗೋಡೆಯ ಬದಿಗೆ ಅವಳನ್ನು ನಿಲ್ಲಿಸಿ, ಕೈಯೆತ್ತಿ ಹಾರಿಸಿ, ಬೆರಳು ಮುಟ್ಟಿದಲ್ಲಿ ಸೀಮೆಸುಣ್ಣದಿಂದ ಒಂದು ಗೆರೆಯನ್ನೆಳೆದೆವು. "ದಿನಾಲೂ ಬೆಳಿಗ್ಗೆ ನೂರು ಸಲ ಹಾರು. ಗೆರೆ ತಾನಾಗಿ ಮೇಲೇರುತ್ತದೆ" ಎಂದು ವಿಧಿಸಿದೆವು. ಆ ಪಡಸಾಲೆಗೆ ಹಾಸಿದ್ದು ಇಳಕಲ್ಲಿನ ಕೆಂಪು ಗ್ರಾನೈಟು. ನೋಡಲು ಕನ್ನಡಿಯಂತಿದ್ದರೂ ಅದು ಕಲ್ಲೇ ಅಲ್ಲವೆ? ಬರಿಗಾಲಿನ ಹುಡುಗಿಯು ಅದರ ಮೇಲೆ ಮೂರು ವಾರ ಹಾರಿದಳು. ಗೆರೆಯು ಮೇಲೇರಲಿಲ್ಲ, ಮೂರನೆಯ ವಾರದಲ್ಲಿ ಒಂದು ಬೆರಳು ಕೆಳಗಿಳಿಯಿತು. ನಾವು ಅದನ್ನು ಆಲಸ್ಯವೆಂದು ತಿಳಿದೆವು. ಮೊಣಕಾಲಿನ ಕೆಳಗೆ ನೋವು ಹತ್ತಿದ್ದನ್ನು ಹುಡುಗಿಯು ನಮ್ಮ ಮೇಲಿನ ಭಿಡೆಯಿಂದ ಯಾರಿಗೂ ಹೇಳಿರಲಿಲ್ಲ.

ಶ್ರಾವಣದ ಹೊತ್ತಿಗೆ ಅವಳಿಗೆ ಮೆಟ್ಟಿಲು ಹತ್ತುವದೂ ಕಷ್ಟವಾಯಿತು. ಮಕ್ಕಳ ಕಾಲು ನೋಯಿತೆಂದರೆ ಮನೆಯಲ್ಲಿ ಎಲ್ಲರೂ ವೈದ್ಯರೇ ಆಗುತ್ತಾರೆ. "ಹೆಣ್ಣು ಹುಡುಗಿ. ನಾಳೆ ಕಾಲು ಊನಾದರ ಏನು ಗತಿ? ಕುಣಿತ ಸಾಕು ಮಾಡಸ್ರಿ" ಎಂದು ನಮ್ಮ ಮನೆಯವರು ಪಟ್ಟು ಹಿಡಿದರು. "ಮಾವಾರ, ಐದು ವರ್ಷ ಕಲಿತದ್ದು ನೀರಾಗ ಹೋಮಾ ಮಾಡಿದಂಗ ಆಗಬೇಕೇನ್ರಿ?" ಎಂದು ಸೊಸೆಯು ಕಣ್ಣೀರು ತಂದಳು. ಹುಡುಗಿಯು ಏನೂ ಮಾತಾಡದೆ ಗೆಜ್ಜೆಯ ಗಂಟನ್ನು ಕಟ್ಟಿ ಕಪಾಟಿನಲ್ಲಿಟ್ಟಳು. ಆ ಗಂಟನ್ನು ನೋಡಿದಾಗ ನಮಗೆ ಆದ ಸಂಕಟವನ್ನು ಹೇಳಲಾರೆವು.

ಬಾಗಲಕೋಟೆಯ ಎಲುಬಿನ ವೈದ್ಯರೊಬ್ಬರು ಪರೀಕ್ಷಿಸಿ ನಮ್ಮ ಭಯವನ್ನು ಅರ್ಧ ಇಳಿಸಿದರು. ಅವರು ವಿವರಿಸಿದ್ದು ಇಷ್ಟು. ಈ ವಯಸ್ಸಿನಲ್ಲಿ ಎಲುಬುಗಳು ವೇಗವಾಗಿ ಬೆಳೆಯುತ್ತವೆ. ತೊಡೆಯ ಮುಂಭಾಗದ ದೊಡ್ಡ ಸ್ನಾಯುವು ಮೊಣಕಾಲಿನ ಚಿಪ್ಪನ್ನು ದಾಟಿ, ಕೆಳಗಿನ ಎಲುಬಿನ ಮೇಲ್ತುದಿಗೆ ಒಂದು ಗಟ್ಟಿ ರಜ್ಜುವಿನಿಂದ ಅಂಟಿಕೊಂಡಿರುತ್ತದೆ. ಬೆಳೆಯುವ ಮಕ್ಕಳಲ್ಲಿ ಆ ಜಾಗವು ಇನ್ನೂ ಬಲಿತಿರುವದಿಲ್ಲ. ಪ್ರತಿಯೊಂದು ಹಾರಿಕೆಯೂ ಪ್ರತಿಯೊಂದು ಇಳಿತವೂ ಅದನ್ನು ಜಗ್ಗುತ್ತದೆ. ಜಗ್ಗಿ ಜಗ್ಗಿ ಅಲ್ಲಿ ಬಾವು ಬರುತ್ತದೆ. ಓಡುವ, ಹಾರುವ ಮಕ್ಕಳಲ್ಲಿ ಇದು ಹೊಸದಲ್ಲ. ಬೆಳವಣಿಗೆಯು ಮುಗಿದಂತೆ ಸಾಮಾನ್ಯವಾಗಿ ಶಮನವಾಗುತ್ತದೆ. "ಕುಣಿತ ಬಿಡಸೂದು ಬ್ಯಾಡ್ರಿ, ಹಾರೂದು ಮಾತ್ರ ಸದ್ಯ ನಿಲ್ಲಸ್ರಿ" ಎಂದು ಹೇಳಿ, ಅಂಗಸಾಧನೆಯಿಂದ ಚಿಕಿತ್ಸೆ ಮಾಡುವ ಫಿಜಿಯೋಥೆರಪಿಯ ತಾಯಿಯೊಬ್ಬರ ಕಡೆಗೆ ಕಳಿಸಿದರು.

ಆ ತಾಯಿಯು ಮೇಜಿನ ಖಾನೆಯಿಂದ ಹಳದಿ ಬಣ್ಣದ ರಬ್ಬರಿನ ಪಟ್ಟಿಯೊಂದನ್ನು ತೆಗೆದರು. ಆಟಗಾರರು ರೆಸಿಸ್ಟನ್ಸ್ ಬ್ಯಾಂಡ್ ಎಂದು ಕರೆಯುವದು ಇದನ್ನೇ. ನಮಗೆ ನಗೆಯೂ ಬಂತು, ಸಿಟ್ಟೂ ಬಂತು. ಪಂಚಮವೇದವೆನಿಸಿದ ನಾಟ್ಯಕ್ಕೆ ರಬ್ಬರಿನ ಆಸರೆಯೆ ಎಂದು ಕೇಳಿಯೇ ಬಿಟ್ಟೆವು. ಅವರು ಸಿಟ್ಟಾಗದೆ, "ಸರ್, ಈಕಿಗೆ ಹಾರಲಿಕ್ಕೆ ಬರಲಾರದ್ದಲ್ರಿ, ಕೂಡ್ರಲಿಕ್ಕೆ ಬರಂಗಿಲ್ಲ. ಮೊದಲ ಕೂಡ್ರೂದು ಕಲೀಲಿ, ಆಮ್ಯಾಲೆ ಇಳಿಯೂದು ಕಲೀಲಿ. ನಡುವಿನ ಹಾರೂದು ತಾನ ಬರ್ತದ" ಎಂದರು. ನಮಗೆ ಉತ್ತರವು ಹೊಳೆಯಲಿಲ್ಲ. ಉತ್ತರವನ್ನು ಹುಡುಕುವದಕ್ಕಾಗಿಯೇ ಮನೆಗೆ ಬಂದು ಹಳೆಯ ಗ್ರಂಥಗಳನ್ನು ತೆಗೆದೆವು.

ಶಾಸ್ತ್ರವು ಹೇಳುವದೇನು?

ನೆಗೆತವೆಂಬದು ನಮ್ಮ ನೃತ್ಯಕ್ಕೆ ಹೊರಗಿನಿಂದ ಬಂದದ್ದಲ್ಲ. ಭರತಮುನಿಯ ನಾಟ್ಯಶಾಸ್ತ್ರದಲ್ಲಿ ಕಾಲಿನ ಚಲನೆಗಳಾದ ಚಾರಿಗಳು 32. ಅವುಗಳಲ್ಲಿ 16 ಭೌಮೀ, ಎಂದರೆ ನೆಲಕ್ಕೆ ಸೇರಿದವು. ಮಿಕ್ಕ 16 ಆಕಾಶಿಕೀ, ಎಂದರೆ ಕಾಲು ನೆಲವನ್ನು ಬಿಟ್ಟು ಮೇಲೇಳುವಂಥವು. ಆಕಾಶಿಕಿಗಳಲ್ಲಿ ಒಂದಕ್ಕೆ ಹರಿಣಪ್ಲುತವೆಂದೇ ಹೆಸರು; ಜಿಂಕೆಯ ಜಿಗಿತವೆಂದರ್ಥವು. ನಂದಿಕೇಶ್ವರನದೆಂದು ಹೇಳಲಾಗುವ ಅಭಿನಯದರ್ಪಣದಲ್ಲಿ ಅಲಗ, ಕರ್ತರೀ, ಅಶ್ವ, ಮೋಟಿತ, ಕೃಪಾಲಗ ಎಂಬ ಐದು ಉತ್ಪ್ಲವನಗಳಿವೆ. ಹದಿಮೂರನೆಯ ಶತಮಾನದಲ್ಲಿ ದೇವಗಿರಿಯ ಯಾದವರ ಆಶ್ರಯದಲ್ಲಿದ್ದ ಶಾರ್ಙ್ಗದೇವನು ತನ್ನ ಸಂಗೀತರತ್ನಾಕರದಲ್ಲಿ ಹಾರಿ ಮಾಡುವ ಉತ್ಪ್ಲುತಿಕರಣಗಳನ್ನು 36 ಎಂದು ಎಣಿಸಿದ್ದಾನೆ.

ಇವೆಲ್ಲ ನಮಗೆ ಮೊದಲೇ ಗೊತ್ತಿದ್ದವು. ಗೊತ್ತಿದ್ದರೂ ಕಣ್ಣಿಗೆ ಬೀಳದೆ ಇದ್ದ ಮಾತು ಬೇರೆ. ಚಾರಿಗಳನ್ನು ವಿವರಿಸುವ ಅಧ್ಯಾಯದಲ್ಲಿಯೇ ಭರತಮುನಿಯು ವ್ಯಾಯಾಮದ ವಿಷಯವನ್ನೆತ್ತುತ್ತಾನೆ. ಒಂದಕ್ಕೊಂದು ಹೆಣೆದುಕೊಂಡ ಚಾರಿಗಳ ಅಭ್ಯಾಸಕ್ಕೇ ಅವನು ವ್ಯಾಯಾಮವೆಂಬ ಹೆಸರನ್ನು ಕೊಟ್ಟಿದ್ದಾನೆ. ಮೈಗೆ ಎಣ್ಣೆ ಹಚ್ಚಿ, ಗಂಜಿಯಿಂದ ತಿಕ್ಕಿಕೊಂಡು ಅಂಗಸಾಧನೆ ಮಾಡಬೇಕೆಂದೂ, ಪ್ರಾಣವು ಆಹಾರವನ್ನೇ ಆಶ್ರಯಿಸಿರುವದರಿಂದ ಉಣಿಸಿನ ಮೇಲೆ ಲಕ್ಷ್ಯವಿರಬೇಕೆಂದೂ ಹೇಳುತ್ತಾನೆ. ಅಲ್ಲಿಗೇ ನಿಲ್ಲದೆ, ಬಹಳ ದಣಿದವನಿಗೆ, ಹಸಿದವನಿಗೆ, ನೀರಡಿಸಿದವನಿಗೆ, ಹೊಟ್ಟೆ ತುಂಬ ಉಂಡವನಿಗೆ ವ್ಯಾಯಾಮ ಮಾಡಿಸಬಾರದೆಂದು ನಿಷೇಧವನ್ನೂ ಹಾಕಿದ್ದಾನೆ. ಬೆಳಗಿನ ಹಸಿದ ಹೊಟ್ಟೆಯಲ್ಲಿ, ನಿನ್ನೆಯ ದಣಿವು ಆರುವದರೊಳಗಾಗಿ ನೂರು ಸಲ ಹಾರಿಸಿದ ನಾವು ಶಾಸ್ತ್ರಜ್ಞರೆಂದು ಹೇಳಿಕೊಳ್ಳಲು ಯಾವ ಮುಖವಿತ್ತು?

ಇನ್ನೊಂದು ಗ್ರಂಥವು ನಮ್ಮ ಕನ್ನಡನಾಡಿನ ಅರಸನದೇ. ಕಲ್ಯಾಣದ ಚಾಲುಕ್ಯರ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಪೂರ್ವಾರ್ಧದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ನೃತ್ಯವಿನೋದವೂ ಮಲ್ಲವಿನೋದವೂ ಒಂದೇ ವಿಂಶತಿಯಲ್ಲಿ ಬರುತ್ತವೆ. ಜಟ್ಟಿಗಳು ಭಾರ ಹೊರುವದು, ನೀರಿನಲ್ಲಿ ಈಜುವದು, ಕಂಬವನ್ನೇರುವದು ಮುಂತಾದ ಶ್ರಮಗಳಿಂದ ಮೈಯನ್ನು ಸಿದ್ಧಪಡಿಸಿಕೊಳ್ಳುವ ಕ್ರಮವನ್ನು ಅರಸನು ವಿವರಿಸಿದ್ದಾನೆ. ಕುಸ್ತಿಯನ್ನು ಕುಸ್ತಿಯಿಂದಲೇ ಕಲಿಯುವದಿಲ್ಲ. ಅದಕ್ಕೆ ಮೊದಲು ಮೈಯನ್ನು ಕಟ್ಟಬೇಕು. ನಮ್ಮ ಗರಡಿಮನೆಗಳಿಗೆ ಈ ಮಾತು ಇಂದಿಗೂ ಗೊತ್ತಿದೆ. ನೃತ್ಯಶಾಲೆಗಳಿಗೂ ಅದೇ ಮಾತು ಸಲ್ಲಬೇಕಲ್ಲವೆ? ದೈನಂದಿನ ನೃತ್ಯಪಾಠವೊಂದರಿಂದಲೇ ನರ್ತಕರಿಗೆ ಸಾಕಷ್ಟು ಬಲವು ಬರುವದಿಲ್ಲ, ಬೇರೆ ಅಂಗಸಾಧನೆಯೂ ಬೇಕೆಂಬದು ಇತ್ತೀಚಿನ ವೈದ್ಯಶಾಸ್ತ್ರದ ಅಭಿಪ್ರಾಯವು. ನರ್ತಕರ ಆರೋಗ್ಯದ ವಿಚಾರಕ್ಕಾಗಿಯೇ 1990 ರಲ್ಲಿ ಒಂದು ಅಂತರರಾಷ್ಟ್ರೀಯ ಸಂಸ್ಥೆಯು ಹುಟ್ಟಿದೆ.

ಈ ಎರಡು ವಿದ್ಯೆಗಳನ್ನೂ ಪ್ರೀತಿಸಿದ ಒಬ್ಬ ಮಹನೀಯರು ಕಳೆದ ಶತಮಾನದಲ್ಲಿ ನಮ್ಮ ನಾಡಿನಲ್ಲಿಯೇ ಇದ್ದರು. ಬೆಂಗಳೂರಿನಲ್ಲಿ ವ್ಯಾಯಾಮಶಾಲೆಯನ್ನು ನಡೆಸಿ, ದೇಹಸಾಧನೆಯ ಮೇಲೆ ಗ್ರಂಥಗಳನ್ನು ಬರೆದು ದೇಶವಿದೇಶಗಳಲ್ಲಿ ಹೆಸರಾದ ಕೆ. ವಿ. ಅಯ್ಯರರು (1897-1980) ಕನ್ನಡದಲ್ಲಿ ಬರೆದ ಕಾದಂಬರಿಯು ಯಾರನ್ನು ಕುರಿತದ್ದು? ನಾಟ್ಯದಲ್ಲಿ ಪ್ರವೀಣೆಯಾಗಿದ್ದ ಹೊಯ್ಸಳರ ರಾಣಿ ಶಾಂತಲೆಯನ್ನು ಕುರಿತದ್ದು. ಗರಡಿಗೂ ರಂಗಕ್ಕೂ ಹಗೆತನವಿಲ್ಲವೆಂಬದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿಯನ್ನು ನಾವರಿಯೆವು.

ಬಾದಾಮಿಯ ಪಾಠ

ದಸರೆಯ ರಜೆಯಲ್ಲಿ, ಹುಡುಗಿಯ ನೋವು ಇಳಿದ ಮೇಲೆ, ಅವಳನ್ನು ಬಾದಾಮಿಗೆ ಕರೆದುಕೊಂಡು ಹೋದೆವು. ಮೊದಲನೆಯ ಗುಹೆಯ ಬದಿಯ ಕೆಂಪು ಬಂಡೆಯಲ್ಲಿ ಹದಿನೆಂಟು ಕೈಗಳ ನಟರಾಜನು ನಿಂತಿದ್ದಾನೆ. ಆರನೆಯ ಶತಮಾನದ ಕೆಲಸವದು. ಅಗಸ್ತ್ಯತೀರ್ಥದ ಮೇಲಿನಿಂದ ಬೀಸುವ ಗಾಳಿಗೆ ಮುಖವೊಡ್ಡಿ ನಾವು ಕೈಗಳನ್ನು ಎಣಿಸುತ್ತಿದ್ದೆವು. ಎಲ್ಲರೂ ನೋಡುವದು ಆ ಕೈಗಳನ್ನೇ. ಹುಡುಗಿಯು ಮಾತ್ರ ಕೆಳಗೆ ನೋಡುತ್ತಿದ್ದಳು. "ಅಜ್ಜಾ, ನಟರಾಜ ಹಾರ್ಯೇ ಇಲ್ಲ ನೋಡ್ರಿ. ಮೊಣಕಾಲು ಬಗ್ಗಿಸಿ ಕೂತಾನ" ಎಂದಳು.

ನಿಜವೇ. ತಾಂಡವದ ಅಧಿದೇವತೆಯು ಅಲ್ಲಿ ಹಾರುವದಿಲ್ಲ. ಮಂಡಿಗಳನ್ನು ಹೊರಕ್ಕೆ ಬಾಗಿಸಿ, ಸೊಂಟವನ್ನು ತುಸು ಇಳಿಸಿ ನಿಂತಿದ್ದಾನೆ. ಶಕ್ತಿಯೆಲ್ಲವೂ ಆ ಬಾಗಿನಲ್ಲಿ ಕೂಡಿದೆ. ಅಲ್ಲಿಂದ ನಮ್ಮ ಹುನಗುಂದ ತಾಲೂಕಿನ ಐಹೊಳೆಗೆ ಬಂದು ರಾವಣಫಡಿಯನ್ನು ಕಂಡೆವು. ಅಲ್ಲಿಯ ನಟರಾಜನಿಗೆ ಹತ್ತು ಕೈಗಳು, ಸುತ್ತಲೂ ಮಾತೃಕೆಯರು. ಅಲ್ಲಿಯೂ ಮಂಡಿಯು ಬಾಗಿಯೇ ಇದೆ. ಈ ಶಿಲ್ಪಗಳನ್ನು ನಾವು ಎಷ್ಟು ಸಲ ನೋಡಿದ್ದೆವೋ ಲೆಕ್ಕವಿಲ್ಲ. ಮೊಣಕಾಲು ನೊಂದವಳಿಗೆ ಕಂಡದ್ದು ನಮಗೆ ಕಂಡಿರಲಿಲ್ಲ. ಚಿಕಿತ್ಸೆಯ ತಾಯಿಯು ಹೇಳಿದ ಮಾತು ಆ ಕಲ್ಲಿನಲ್ಲಿಯೇ ಇತ್ತು.

ರಬ್ಬರಿನ ಗುಣವು

ಈಗ ಆ ಪಟ್ಟಿಯ ವಿಚಾರಕ್ಕೆ ಬರೋಣ. ತರ್ಕಸಂಗ್ರಹವನ್ನು ಓದಿದವರಿಗೆ ಸಂಸ್ಕಾರವೆಂಬ ಗುಣವು ಮೂರು ಬಗೆಯೆಂದು ನೆನಪಿರಬಹುದು: ವೇಗ, ಭಾವನೆ, ಸ್ಥಿತಿಸ್ಥಾಪಕ. ಬೇರೆ ರೀತಿಯಾಗಿ ಮಾಡಿದ ವಸ್ತುವನ್ನು ಮರಳಿ ಮೊದಲಿನ ಸ್ಥಿತಿಗೆ ತರುವ ಗುಣವೇ ಸ್ಥಿತಿಸ್ಥಾಪಕವು. ಸುತ್ತಿದ ಚಾಪೆಯು ಬಿಟ್ಟೊಡನೆ ಬಿಚ್ಚಿಕೊಳ್ಳುವದು ಇದರಿಂದಲೇ. ರಬ್ಬರಿನಲ್ಲಿ ಈ ಗುಣವು ಹೇರಳವಾಗಿದೆ. ಮರದ ಹಾಲಿನಿಂದಾಗುವ ಕಚ್ಚಾ ರಬ್ಬರು ಬಿಸಿಲಿಗೆ ಅಂಟಾಗಿ ಚಳಿಗೆ ಬಿರುಸಾಗುತ್ತಿತ್ತು; 1839 ರಲ್ಲಿ ಅಮೇರಿಕೆಯ ಚಾರ್ಲ್ಸ್ ಗುಡ್‌ಇಯರ್ ಎಂಬವನು ಅದಕ್ಕೆ ಗಂಧಕವನ್ನು ಬೆರೆಸಿ ಕಾಯಿಸಿ ಈ ದೋಷವನ್ನು ಕಳೆದನು. ನಮ್ಮ ನಾಡಿನಲ್ಲಿಯೂ ಸುಳ್ಯ, ಪುತ್ತೂರು, ಬೆಳ್ತಂಗಡಿಗಳ ಕಡೆಗೆ ರಬ್ಬರಿನ ತೋಟಗಳಿವೆ.

ಎಳೆದಷ್ಟೂ ಮರಳಿ ಎಳೆಯುವ ಬಲವು ಹೆಚ್ಚುತ್ತದೆಂಬ ನಿಯಮವನ್ನು ಆಂಗ್ಲ ಪಂಡಿತನಾದ ರಾಬರ್ಟ್ ಹುಕ್ ಎಂಬವನು 1678 ರಲ್ಲಿ ವಿವರಿಸಿದನು. ರಬ್ಬರು ಈ ನಿಯಮವನ್ನು ಅಕ್ಷರಶಃ ಪಾಲಿಸದಿದ್ದರೂ ಅದರ ಸ್ವಭಾವವು ಇದೇ. ಜಾತ್ರೆಗಳಲ್ಲಿ ನಮ್ಮ ಹಳ್ಳಿಯ ತರುಣರು ಸಂಗ್ರಾಣಿ ಕಲ್ಲನ್ನು ಎತ್ತುವದನ್ನು ವಾಚಕರು ನೋಡಿರಬಹುದು. ಆ ಕಲ್ಲಿನ ಭಾರವು ಮೊದಲಿನಿಂದ ಕೊನೆಯವರೆಗೆ ಒಂದೇ. ಕೆಳಗೆ ಕುಳಿತಾಗ ಕೀಲುಗಳಿಗೆ ಬಲವು ಕಡಿಮೆ. ಅಲ್ಲಿಯೇ ಅದರ ತ್ರಾಸವು ಹೆಚ್ಚು. ರಬ್ಬರಿನ ಪಟ್ಟಿಯು ಹಾಗಲ್ಲ. ಅದನ್ನು ಪಾದದ ಕೆಳಗೆ ಮೆಟ್ಟಿ ಹೆಗಲಿಗೆ ಹಿಡಿದು ಕುಳಿತರೆ ಸಡಿಲಾಗಿರುತ್ತದೆ. ಏಳುತ್ತ ಹೋದಂತೆ, ಎಂದರೆ ಕಾಲಿನ ಬಲವು ಹೆಚ್ಚುತ್ತ ಹೋದಂತೆ, ತಾನೂ ಬಿಗಿಯಾಗುತ್ತದೆ. ಬಲವಿಲ್ಲದಲ್ಲಿ ಕರುಣೆ, ಬಲವಿದ್ದಲ್ಲಿ ಪರೀಕ್ಷೆ. ಒಳ್ಳೆಯ ಮಾಸ್ತರನ ಲಕ್ಷಣವೂ ಇದೇ ಅಲ್ಲವೆ? ಅನೇಕ ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ ಪಂಡಿತರು ಇಂಥ ಪಟ್ಟಿಗಳಿಂದ ಬರುವ ಬಲವು ಕಬ್ಬಿಣದ ಭಾರಗಳಿಂದ ಬರುವ ಬಲಕ್ಕೆ ಹೆಚ್ಚು ಕಡಿಮೆ ಸಮವೆಂದು ಕಂಡುಕೊಂಡಿದ್ದಾರೆ.

ಹಾರಿಕೆಯ ಮರ್ಮವನ್ನೂ ಇಲ್ಲಿ ತಿಳಿಯಬೇಕು. ನರ್ತಕಿಯು ಅರಮಂಡಿಯಲ್ಲಿ ಇಳಿದಾಗ ನಿತಂಬ, ತೊಡೆ, ಮೀನಖಂಡಗಳ ಸ್ನಾಯುಗಳು ಹಿಗ್ಗುತ್ತವೆ. ಹಿಮ್ಮಡಿಯ ಮೇಲಿನ ದಪ್ಪ ರಜ್ಜುವು ಬಿಲ್ಲಿನಂತೆ ಬಿಗಿಯುತ್ತದೆ. ಮರುಕ್ಷಣವೇ ಸೊಂಟ, ಮೊಣಕಾಲು, ಪಾದ ಈ ಮೂರರ ಕೀಲುಗಳೂ ಒಟ್ಟಿಗೆ ನೆಟ್ಟಗಾದರೆ ಕೂಡಿಟ್ಟ ಶಕ್ತಿಯು ಮೈಯನ್ನು ಮೇಲಕ್ಕೆಸೆಯುತ್ತದೆ. ಬಾಗಿದಲ್ಲಿಯೇ ಬಹಳ ಹೊತ್ತು ತಡೆದರೆ ಆ ಶಕ್ತಿಯು ಸೋರಿ ಹೋಗುತ್ತದೆ. ನಮ್ಮ ಮೈಯಲ್ಲಿಯೂ ಸ್ಥಿತಿಸ್ಥಾಪಕವಿದೆಯೆಂದಾಯಿತು. ಆದುದರಿಂದ ಸಾಧನೆಯು ಎರಡು ತರದ್ದಾಗಿರಬೇಕು: ಬಲಕ್ಕಾಗಿ ಪಟ್ಟಿಯ ಸಾವಕಾಶ ಅಭ್ಯಾಸ, ಬಲವು ಬಂದ ಮೇಲೆ ಚುರುಕಿಗಾಗಿ ಸಣ್ಣ ಸಣ್ಣ ಕುಪ್ಪಳಿಕೆ. ನಾವು ಮೊದಲನೆಯದನ್ನು ಬಿಟ್ಟು ಎರಡನೆಯದನ್ನೇ ನೂರು ಸಲ ಮಾಡಿಸಿದ್ದೆವು.

ಅಭ್ಯಾಸಕ್ರಮವು

ಆ ತಾಯಿಯು ನಮ್ಮ ಮೊಮ್ಮಗಳಿಗೆ ಕಲಿಸಿದ ಅಭ್ಯಾಸಗಳು ನಾಲ್ಕೇ. ವೈದ್ಯರ ಅಪ್ಪಣೆಯಾದ ಮೇಲೆ ಇವು ಪ್ರಾರಂಭವಾದವು. ಪ್ರತಿ ಸಲವೂ ಮೊದಲು ಐದು ಹತ್ತು ನಿಮಿಷ ನಡೆದಾಡಿ ಮೈಯನ್ನು ಬೆಚ್ಚಗೆ ಮಾಡಿಕೊಳ್ಳತಕ್ಕದ್ದು.

ಮೊದಲನೆಯದು ಪಾದದ್ದು. ಕಾಲು ಚಾಚಿ ಕುಳಿತು, ಪಟ್ಟಿಯ ನಡುವನ್ನು ಪಾದದ ಮುಂಭಾಗಕ್ಕೆ ಸುತ್ತಿ, ಎರಡೂ ತುದಿಗಳನ್ನು ಕೈಯಲ್ಲಿ ಹಿಡಿಯುವದು. ಬೆರಳುಗಳನ್ನು ಮುಂದಕ್ಕೆ ಒತ್ತಿ, ಮೂರು ಎಣಿಸುವಷ್ಟು ನಿಧಾನವಾಗಿ ಹಿಂದಕ್ಕೆ ತರುವದು. ಇದು ಮೀನಖಂಡಕ್ಕೂ ಹಿಮ್ಮಡಿಯ ರಜ್ಜುವಿಗೂ ಬಲವನ್ನು ಕೊಡುತ್ತದೆ.

ಎರಡನೆಯದು ಪಕ್ಕದ ನಡಿಗೆ. ಬಳೆಯಂತೆ ಕೂಡಿಸಿದ ಪಟ್ಟಿಯನ್ನು ಮೊಣಕಾಲಿನ ತುಸು ಮೇಲೆ ಹಾಕಿಕೊಂಡು, ಸ್ವಲ್ಪವೇ ಬಾಗಿ, ಬಲಕ್ಕೆ ಎಂಟು ಹೆಜ್ಜೆ, ಎಡಕ್ಕೆ ಎಂಟು ಹೆಜ್ಜೆ ಇಡುವದು. ಮೊಣಕಾಲುಗಳು ಒಳಕ್ಕೆ ವಾಲಬಾರದು. ಹುಡುಗಿಯ ಮುಖ್ಯ ದೋಷವು ಇದೇ ಆಗಿತ್ತು. ಸೊಂಟದ ಬದಿಯ ಸ್ನಾಯುಗಳು ಬಲವಿಲ್ಲದ್ದರಿಂದ ಅರಮಂಡಿಯಲ್ಲಿ ಮೊಣಕಾಲು ಒಳಕ್ಕೆ ಬೀಳುತ್ತಿತ್ತು.

ಮೂರನೆಯದು ಕೂಡ್ರುವದು, ಏಳುವದು. ಪಟ್ಟಿಯನ್ನು ಎರಡೂ ಪಾದಗಳಿಂದ ಮೆಟ್ಟಿ, ತುದಿಗಳನ್ನು ಹೆಗಲಿಗೆ ಹಿಡಿದು, ನಿಧಾನವಾಗಿ ಕುಳಿತು ಏಳುವದು. ಮೊಣಕಾಲು ಬೆರಳುಗಳ ದಿಕ್ಕಿನಲ್ಲಿಯೇ ಬಾಗಬೇಕು. ನೋವಾಗುವ ಆಳಕ್ಕೆ ಹೋಗಕೂಡದು.

ನಾಲ್ಕನೆಯದು ಹಿಂಗಾಲು. ಪಟ್ಟಿಯ ಬಳೆಯನ್ನು ಎರಡೂ ಕಣಕಾಲುಗಳಿಗೆ ಹಾಕಿಕೊಂಡು, ಗೋಡೆಯ ಆಸರೆ ಹಿಡಿದು, ಒಂದೊಂದೇ ಕಾಲನ್ನು ಬೆನ್ನು ಬಾಗದಂತೆ ಹಿಂದಕ್ಕೆ ಚಾಚುವದು. ಇದು ನಿತಂಬದ ಸ್ನಾಯುಗಳಿಗೆ.

ಪ್ರತಿಯೊಂದನ್ನೂ ಹತ್ತು ಹನ್ನೆರಡು ಸಲ, ನಡುವೆ ವಿಶ್ರಾಂತಿ ಕೊಟ್ಟು ಎರಡು ಆವರ್ತನ ಮಾಡಿದರೆ ಸಾಕು. ವಾರಕ್ಕೆ ಎರಡು ಅಥವಾ ಮೂರು ದಿನ ಮಾತ್ರ. ನಡುವಿನ ದಿನಗಳು ಬಿಡುವಿನವು. ಬಲವು ದುಡಿಯುವಾಗ ಹುಟ್ಟುವದಿಲ್ಲ, ದುಡಿದು ವಿಶ್ರಮಿಸುವಾಗ ಹುಟ್ಟುತ್ತದೆಂದು ತಿಳಿದು ನಮ್ಮ ದಿನಾಲೂ ನೂರರ ವಿಧಿಯನ್ನು ನಾವೇ ರದ್ದುಪಡಿಸಿದೆವು. ಆರು ವಾರ ಹಾರುವದೆಂಬುದೇ ಇರಲಿಲ್ಲ. ಹನ್ನೆರಡು ಸಲವೂ ಸುಲಭವಾಗಿ ಆಗಹತ್ತಿದ ಮೇಲೆ ಹಳದಿಯಿಂದ ಕೆಂಪು ಪಟ್ಟಿಗೆ ಹೋದದ್ದು. ಬಣ್ಣಗಳ ಕ್ರಮವು ತಯಾರಿಸುವವರಿಂದ ತಯಾರಿಸುವವರಿಗೆ ಬೇರೆಯಾಗುವದರಿಂದ, ಕೊಳ್ಳುವಾಗ ಬಣ್ಣವನ್ನು ನಂಬದೆ ಎಳೆದು ನೋಡಿಯೇ ಕೊಳ್ಳಬೇಕು. ಪಟ್ಟಿಯನ್ನು ಸೊಂಟಕ್ಕೆ ಬಿಗಿದು ಹಾರುವ ಅಭ್ಯಾಸಗಳೂ ಇವೆ. ಅವು ಬಲಿತ ನರ್ತಕರಿಗೆ, ಬಲ್ಲವರ ಸಮಕ್ಷಮದಲ್ಲಿ ಮಾತ್ರ ಸಲ್ಲುವಂಥವು.

ಗೃಹಿಣಿಯರಿಗೆ ಎರಡು ಎಚ್ಚರಿಕೆಗಳು. ರಬ್ಬರಿಗೆ ಬಿಸಿಲೂ ಎಣ್ಣೆಯೂ ಆಗದು, ನೆರಳಿನಲ್ಲಿಡಬೇಕು. ಮೈಗೆ ಎಣ್ಣೆ ಹಚ್ಚಿಕೊಂಡು ಪಟ್ಟಿಯನ್ನು ಮುಟ್ಟಬಾರದು. ಈ ಒಂದು ವಿಷಯದಲ್ಲಿ ಭರತಮುನಿಯ ಮಾತನ್ನು ಬಿಡಬೇಕಾಗುತ್ತದೆ. ಪ್ರತಿ ಸಲವೂ ಪಟ್ಟಿಯಲ್ಲಿ ಸೀಳಿದೆಯೋ ಎಂದು ನೋಡಬೇಕು. ಹರಿದ ಪಟ್ಟಿಯು ಚಿಮ್ಮಿ ಕಣ್ಣಿಗೆ ಬಡಿದೀತು. ಕೆಲವರ ಚರ್ಮಕ್ಕೆ ರಬ್ಬರು ಒಗ್ಗುವದಿಲ್ಲ. ಅಂಥವರಿಗೆ ರಬ್ಬರಿನ ಹಾಲಿಲ್ಲದೆ ಮಾಡಿದ ಪಟ್ಟಿಗಳೂ ದೊರೆಯುತ್ತವೆ. ನೋವು ಬಂದರೆ ಅಂದಿಗೆ ನಿಲ್ಲಿಸತಕ್ಕದ್ದು. ಮಾರನೆಯ ದಿನವೂ ಉಳಿದರೆ ವೈದ್ಯರನ್ನು ಕಾಣತಕ್ಕದ್ದು.

ಇಳಿಯುವ ವಿದ್ಯೆಯು

ಹಾರಿದವಳು ಇಳಿಯಲೇಬೇಕು. ಇಳಿಯುವಾಗ ಕಾಲಿನ ಮೇಲೆ ಬೀಳುವ ಬಲವು ಮೈಭಾರದ ಹಲವು ಪಟ್ಟು ಆಗುತ್ತದೆ. ಬರಿಗಾಲಿನಲ್ಲಿ ಕುಣಿಯುವ ನಮ್ಮ ನರ್ತಕಿಯರಿಗೆ ಬೂಟಿನ ಮೆತ್ತೆಯೂ ಇಲ್ಲ. ಬೆರಳುಗಳಿಂದ ಮೊದಲು ಮುಟ್ಟಿ, ಹಿಮ್ಮಡಿಯನ್ನು ಆಮೇಲೆ ಇಳಿಸಿ, ಮೊಣಕಾಲನ್ನು ಬಾಗಿಸಿ ಆ ಬಲವನ್ನು ಮೈಯಲ್ಲಿ ಹಂಚಿಕೊಳ್ಳಬೇಕು. ಇದಕ್ಕೆ ಆ ತಾಯಿಯು ಕೊಟ್ಟ ಪರೀಕ್ಷೆಯು ಬಹು ಸುಲಭವಾದದ್ದು: ಇಳಿದ ಸಪ್ಪಳವು ಕೇಳಬಾರದು.

ನೆಲದ ವಿಚಾರವೂ ಇದೆ. ನಮ್ಮ ಜಿಲ್ಲೆಯು ಕಲ್ಲಿನ ಜಿಲ್ಲೆ. ಬಾದಾಮಿಯಲ್ಲಿ ಮರಳುಗಲ್ಲು, ಇಳಕಲ್ಲಿನಲ್ಲಿ ಗ್ರಾನೈಟು. ಹೊಸ ಮನೆಗಳಲ್ಲಿ ಮಣ್ಣಿನ ನೆಲವೆಂಬುದೇ ಉಳಿದಿಲ್ಲ. ನಮ್ಮ ಹಿರಿಯರು ದೊಡ್ಡಾಟವನ್ನು ಹಲಗೆಯ ಅಟ್ಟದ ಮೇಲೆ ಆಡುತ್ತಿದ್ದರು. ಅದಕ್ಕೆ ಅಟ್ಟದಾಟವೆಂದೇ ಹೆಸರು. ಕಿರೀಟ ಭುಜಕೀರ್ತಿಗಳನ್ನು ಹೊತ್ತ ವೀರನು ಹಾರಿ ಇಳಿದಾಗ ಹಲಗೆಯು ತುಸು ಬಾಗಿ ಅವನನ್ನು ಕಾಪಾಡುತ್ತಿತ್ತು. ಗರಡಿಯವರು ಕೆಮ್ಮಣ್ಣನ್ನು ಹದಮಾಡಿ ಹಾಕುವದೂ ಬಿದ್ದವನ ಮೈ ಕಾಯುವದಕ್ಕಾಗಿಯೇ. ಕಲ್ಲಿನ ನೆಲದ ಮೇಲೆ ಮಕ್ಕಳನ್ನು ಹಾರಿಸಬಾರದೆಂಬದು ನಮ್ಮ ಖಂಡಿತವಾದ ಅಭಿಪ್ರಾಯವು. ಅನುಕೂಲವಿದ್ದವರು ಅಡಿಗೆ ತೊಲೆಗಳನ್ನಿಟ್ಟು ಹಲಗೆಯ ಜಗಲಿಯನ್ನು ಮಾಡಿಸಬಹುದು. ಇಲ್ಲದವರು ಅಂಗಳದ ಸಮನಾದ ಮಣ್ಣಿನ ನೆಲವನ್ನು ಆರಿಸಿಕೊಳ್ಳಬಹುದು. ಜಾರುವ ಜಮಖಾನೆಯ ಮೇಲೆ ಮಾತ್ರ ಹಾರಿಸಬಾರದು. ನಾವು ಹಳೆಯ ಬಾಗಿಲಿನ ಹಲಗೆಗಳಿಂದ ನಮ್ಮ ಹಿತ್ತಲಲ್ಲಿ ಒಂದು ಚಿಕ್ಕ ಅಟ್ಟವನ್ನು ಮಾಡಿಸಿದೆವು. ಕುಣಿತವನ್ನು ಬಿಡಿಸಬೇಕೆಂದ ನಮ್ಮ ಮನೆಯವರೇ ಬಡಿಗನ ಬದಿಗೆ ನಿಂತು ಮೊಳೆಯ ತಲೆಗಳು ಮೇಲೆದ್ದಿಲ್ಲವೆಂದು ಕೈಯಾಡಿಸಿ ನೋಡಿದರು.

ಬನಶಂಕರಿಯ ಜಾತ್ರೆಯ ಕಾಲಕ್ಕೆ, ಪುಷ್ಯಮಾಸದಲ್ಲಿ, ಹುಡುಗಿಯು ಹುನಗುಂದಕ್ಕೆ ಬಂದಳು. ಗೋಡೆಯ ಗೆರೆಯನ್ನು ಹಾಗೆಯೇ ಉಳಿಸಿದ್ದೆವು. ಗೋಡೆಗೆ ಗುರುತು ಹಾಕಿ ನೆಗೆತವನ್ನು ಅಳೆಯುವ ಈ ಪದ್ಧತಿಯನ್ನು 1921 ರಲ್ಲಿ ಅಮೇರಿಕೆಯ ಸಾರ್ಜೆಂಟ್ ಎಂಬ ವ್ಯಾಯಾಮಾಚಾರ್ಯನು ಪ್ರಸಿದ್ಧಪಡಿಸಿದನು. ಪದ್ಧತಿಯಲ್ಲಿ ತಪ್ಪೇನಿಲ್ಲ, ದಿನಾಲೂ ಅಳೆಯುವದು ತಪ್ಪು. ಅವಳು ತಾನಾಗಿಯೇ ಅಟ್ಟದ ಹಲಗೆಯೊಂದನ್ನು ಗೋಡೆಯ ಬದಿಗೆ ತಂದಿಟ್ಟು ಅದರ ಮೇಲೆ ನಿಂತಳು. "ಅಜ್ಜಾ, ಹಲಗಿ ದಪ್ಪ ಎಷ್ಟದ ಅಷ್ಟು ಕಳೀರಿ ಮತ್ತ" ಎಂದು ಹೇಳಿ ಮೂರೇ ಸಲ ಹಾರಿದಳು. ಹಲಗೆಯ ದಪ್ಪವನ್ನು ಕಳೆದರೂ ಗೆರೆಯು ಮೊದಲಿಗಿಂತ ಮೂರು ಬೆರಳು ಮೇಲೆ ಬಿದ್ದಿತು. ನಡುವೆ ಅವಳು ಬೆಳೆದ ಎತ್ತರವನ್ನು ಅದರಲ್ಲಿ ಕಳೆಯಬೇಕೆಂದು ನಾವು ಮಾಸ್ತರನ ಬುದ್ಧಿಯಿಂದ ತೂಕ ಮಾಡಿದೆವು. ಕಳೆದರೆ ಎರಡು ಬೆರಳಿನ ಲಾಭವು ಉಳಿಯುತ್ತದೆ. ಅದೇನೂ ದೊಡ್ಡದಲ್ಲ.

ಮುಂದಿನ ವಾರ ಬಾಗಲಕೋಟೆಯಲ್ಲಿ ಅವಳ ಶಾಲೆಯ ಸಮಾರಂಭವಿತ್ತು. ಕಪಾಟಿನಲ್ಲಿದ್ದ ಗೆಜ್ಜೆಯ ಗಂಟನ್ನು ಸೊಸೆಯು ಬಿಚ್ಚಿ ಕೊಟ್ಟಳು. ನಾವು ನಾಲ್ಕನೆಯ ಸಾಲಿನಲ್ಲಿ ಕುಳಿತಿದ್ದೆವು. ನೆಗೆತಗಳು ಬರುವ ಜತಿಯು ಸಮೀಪಿಸಿದಾಗ ನಮಗೆ ನೋಡುವ ಧೈರ್ಯವಾಗದೆ ಕಣ್ಣು ಮುಚ್ಚಿಕೊಂಡೆವು. ಮೃದಂಗದ ಪೆಟ್ಟಿನೊಡನೆ ಗೆಜ್ಜೆಯು ಒಮ್ಮೆ ಮೌನವಾಯಿತು. ಹುಡುಗಿಯು ಮೇಲೆ ಇದ್ದಾಳೆಂದು ತಿಳಿಯಿತು. ಮತ್ತೆ ಗೆಜ್ಜೆಯು ಘಲ್ಲೆಂದಿತು. ಕಿವಿಗೊಟ್ಟು ಕೇಳಿದೆವು. ಪಾದವು ಬಿದ್ದ ಸಪ್ಪಳವು ಬರಲಿಲ್ಲ.